ಕೀಲಿಯೂ ಕೈದಿಯ ಕೈಗೆಟಕಬಾರದು



ಕೋರ್ಟ್ ಭದ್ರತೆಯೆಂದರೆ ಗೇಟಿನ ತಪಾಸಣೆಯಷ್ಟೇ ಚರ್ಚೆಯಾಗುತ್ತದೆ. ಒಳಗಿರುವ ಪೊಲೀಸರ ಬಂದೂಕಿನ ಸುರಕ್ಷತೆಯನ್ನು ಕೇಳುವವರಿಲ್ಲ. 2005ರ ಮಾರ್ಚ್ 11ರಂದು ಅಮೆರಿಕದ ಅಟ್ಲಾಂಟಾದಲ್ಲಿ ವಿಚಾರಣಾಧೀನ ಕೈದಿಯೊಬ್ಬ, ಕೈಕೋಳ ಬಿಚ್ಚುತ್ತಿದ್ದ ಮಹಿಳಾ ಅಧಿಕಾರಿಯನ್ನು ಥಳಿಸಿ, ಆಕೆಯ ಬಳಿಯಿದ್ದ ಕೀಲಿಯಿಂದಲೇ ಪೆಟ್ಟಿಗೆ ತೆರೆದು ಪಿಸ್ತೂಲು ಕಸಿದ. ನ್ಯಾಯಾಧೀಶರನ್ನು ಪೀಠದಲ್ಲೇ ಕೊಂದ. ಬಂದೂಕಿಗೆ ಬೀಗವಿತ್ತು, ನಿಜ. ಆದರೆ ಅವನನ್ನು ಕರೆದೊಯ್ಯಲು ಇದ್ದದ್ದು ಆಕೆಯೊಬ್ಬರೇ! ದೆಹಲಿಯ ರೋಹಿಣಿ ಕೋರ್ಟಿನಲ್ಲೂ 2022ರ ಏಪ್ರಿಲ್‌ನಲ್ಲಿ ಗೇಟಿನ ಬಳಿ ಜಗಳವಾದಾಗ ಕಾವಲು ಪೊಲೀಸನ ಬಂದೂಕಿನಿಂದ ಗುಂಡು ಹಾರಿತ್ತು.

ಕೈದಿಯನ್ನು ಹಿಡಿದೊಯ್ಯುವವರ ಬಳಿ ಬಂದೂಕಾಗಲಿ, ಅದರ ಕೀಲಿಯಾಗಲಿ ಇರಬಾರದು. ಒಬ್ಬರನ್ನೇ ಕಳಿಸಲೂಬಾರದು. ಶಸ್ತ್ರಧಾರಿಗಳಿಗೆ ಜನಜಂಗುಳಿಯಲ್ಲಿ ಸಂಯಮದಿಂದ ವರ್ತಿಸುವ ತರಬೇತಿ ನಿಯಮಿತವಾಗಿ ಸಿಗಬೇಕು. ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಈ ವ್ಯವಸ್ಥೆ ಹೇಗಿದೆಯೆಂದು ಗೃಹ ಇಲಾಖೆ ಕೂಡಲೇ ಪರಿಶೀಲಿಸಲಿ.

– ಓದುಗ, ಧಾರವಾಡ