‘ವಾರಂಟಿ ಹೋಯ್ತು’ ಅಂದ್ರೆ ‘ಬರೆದು ಕೊಡ್ರಿ’ ಅನ್ನಿ

ಕಡಲೆ ಮಾರಿದ ರೊಕ್ಕದಲ್ಲಿ ಬೈಕಿಗೆ ಫ್ಯೂಯೆಲ್ ಟ್ಯೂನರ್ ಹಾಕಿಸಿದ್ದೆ, ಪಿಕಪ್ ಹೆಚ್ಚಾಗಲಿ ಅಂತ. ಒಂದು ದಿನ ಅಸೂಟಿಯಿಂದ ರೋಣಕ್ಕೆ ಹೋಗುವಾಗ ಗಾಡಿ ಜರ್ಕ್ ಹೊಡೆದು ನಿಂತೇಬಿಟ್ಟಿತು. ಮೀಟರಿನಲ್ಲಿ ಎಂಜಿನ್ ದೀಪ ಉರಿಯುತ್ತಿತ್ತು. ಟ್ಯೂನರ್ ಮಾರಿದವರಿಗೆ ಫೋನ್ ಮಾಡಿದರೆ, ‘ಫಿಟ್ಟಿಂಗ್ ತಪ್ಪು, ವಾರಂಟಿ ಇಲ್ಲ’ ಅಂದರು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕುಗಳಲ್ಲಿ ಬಹುತೇಕವು ಪೆಟ್ರೋಲ್ ಎಷ್ಟು ಬೇಕೆಂದು ಸೆನ್ಸರ್ ನೋಡಿ ತಾವೇ ಲೆಕ್ಕ ಹಾಕುತ್ತವೆ. ಟ್ಯೂನರ್ ಆ ಲೆಕ್ಕವನ್ನೇ ತಿದ್ದುತ್ತದೆ. ತೊಂದರೆ ಬಂದರೆ ಮೊದಲು ಬ್ಯಾಟರಿ, ಅರ್ಥಿಂಗ್ ವೈರ್, ಕನೆಕ್ಟರ್ ನೋಡಿ. ಆಮೇಲೆ ಟ್ಯೂನರ್ ಬಿಚ್ಚಿ, ವೈರಿಂಗ್ ಮೊದಲಿನಂತೆ ಜೋಡಿಸಿ ಓಡಿಸಿ. ಸರಿ ಓಡಿದರೆ ದೋಷ ಟ್ಯೂನರಿನದು, ಇಲ್ಲವೇ ಫಿಟ್ಟಿಂಗಿನದು. ನನ್ನ ಗಾಡಿ ಸರಿ ಓಡಿತು.

ಹೊರಗಿನ ಸಾಮಾನಿನಿಂದ ಎಂಜಿನ್ ಕೆಟ್ಟರೆ ಬೈಕ್ ಕಂಪನಿಯನ್ನು ಕೇಳುವುದು ನ್ಯಾಯವಲ್ಲ. ಆದರೆ ಟ್ಯೂನರಿಗೆ ವಾರಂಟಿ ಕೊಟ್ಟವರು ಬಾಯಿಮಾತಿನಲ್ಲೇ ಕೈತೊಳೆದುಕೊಳ್ಳಲು ಬಿಡಬಾರದು. ಕಾರಣ ಬರೆದು ಕೊಡಿ ಅನ್ನಿ. ಬಿಲ್, ವಾರಂಟಿ ಕಾರ್ಡ್, ವಾಟ್ಸಾಪ್ ಮಾತು, ದೀಪ ಉರಿಯುವ ವಿಡಿಯೋ ಜೋಪಾನ ಮಾಡಿ.

ಆದರೂ ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಗದಗಿನ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯಂತೆ, ಮಾರಿದವರು ದಿಲ್ಲಿಯಲ್ಲಿದ್ದರೂ ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ತೂಕದ ಚೀಟಿ ಇಲ್ಲದೆ ಕಡಲೆ ಬಿಟ್ಟು ಬರ್ತೀವೇನು? ವಾರಂಟಿಗೂ ಚೀಟಿ ಕೇಳೋಣ.