ಸ್ವರ್ಣಮಂದಿರದ ಆಚೆಗಿನ ಬೈಲಕುಪ್ಪೆ: ದಾನದ ಹಣ ನಿಂತಾಗ ಉಳಿಯುವುದೇನು?

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯೆಂದರೆ ನಮ್ಮಲ್ಲಿ ಬಹುಮಂದಿಗೆ ಮಡಿಕೇರಿಯ ಹಾದಿಯಲ್ಲಿ ಇಳಿದು ನೋಡುವ ಸ್ವರ್ಣಮಂದಿರ ಮಾತ್ರ. ಅದರ ಆಚೆಗೆ ಜೋಳದ ಹೊಲಗಳ ನಡುವೆ ಶಾಲೆಗಳಿವೆ, ಆಸ್ಪತ್ರೆಯಿದೆ, ವೃದ್ಧರ ವಸತಿಯಿದೆ. ಆರು ದಶಕಗಳಿಂದ ಇವುಗಳ ವೆಚ್ಚದ ಬಹುಪಾಲನ್ನು ದೂರದೇಶಗಳ ದಾನಿಗಳು ಹೊತ್ತುಬಂದಿದ್ದಾರೆ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರವು ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಟಿಬೆಟನ್ ವಸಾಹತುಗಳ ಶಿಕ್ಷಣ ಮತ್ತು ಆರೋಗ್ಯ ಯೋಜನೆಗಳೂ ಆ ಹೊಡೆತಕ್ಕೆ ಸಿಕ್ಕವು. ಅದೇ ವರ್ಷದ ಮಧ್ಯಭಾಗದಲ್ಲಿ ನೆರವಿನ ಒಂದು ಭಾಗ ಮರಳಿ ದೊರೆಯಿತೆಂದು ಟಿಬೆಟನ್ ಆಡಳಿತ ತಿಳಿಸಿತು. ಆದರೆ ಸಾವಿರಾರು ಮೈಲಿ ದೂರದ ಒಂದು ಸಹಿ ನಮ್ಮ ನಾಡಿನ ಹಳ್ಳಿಯೊಂದರ ಔಷಧಾಲಯವನ್ನು ಅಲುಗಿಸಬಲ್ಲದೆಂಬ ಸತ್ಯ ಅಂದು ಬಯಲಾಯಿತು.

ಇತಿಹಾಸವನ್ನು ಸಂಕ್ಷಿಪ್ತವಾಗಿ ನೆನೆಯೋಣ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಬಳಿಕ, ನಿರಾಶ್ರಿತರಿಗೆ ಭೂಮಿ ನೀಡುವಂತೆ ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೋರಿದರು. ಅಂದಿನ ಮೈಸೂರು ರಾಜ್ಯ ಉದಾರವಾಗಿ ಸ್ಪಂದಿಸಿತು. 1960ರ ಕೊನೆಯಲ್ಲಿ ಮೊದಲ ತಂಡಗಳು ಬೈಲಕುಪ್ಪೆಯ ಕಾಡನ್ನು ಕಡಿದು ನೆಲೆಸಿದವು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸಾಹತು, 1970ರ ದಶಕದ ಆರಂಭದಲ್ಲಿ ಹುಣಸೂರು ಬಳಿಯ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ ಸೇರಿ ಐದಾದವು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ.

ತಂಪುನಾಡಿನಿಂದ ಬಂದವರಿಗೆ ಬಯಲಿನ ಸೆಕೆಯೇ ಮೊದಲ ಶತ್ರು, ಕಾಡಾನೆ ಎರಡನೆಯದು, ಕ್ಷಯರೋಗ ಮೂರನೆಯದು. ಮೊದಲಿನ ಎರಡನ್ನು ಅವರು ಹೇಗೋ ನಿಭಾಯಿಸಿದರು. ಮೂರನೆಯದು ಇನ್ನೂ ಪೂರ್ತಿ ಹೋಗಿಲ್ಲ. ವಸತಿಶಾಲೆ ಮತ್ತು ಮಠಗಳಲ್ಲಿ ಒಂದೇ ಕೊಠಡಿಯಲ್ಲಿ ಹಲವರು ಮಲಗುವುದರಿಂದ ಸೋಂಕು ಸುಲಭವಾಗಿ ಹರಡುತ್ತದೆ. ಇದಕ್ಕೆ ಗುಳಿಗೆಯಷ್ಟೇ ಸಾಲದು. ಶಾಲೆಶಾಲೆಗೂ ಹೋಗಿ ತಪಾಸಣೆ ಮಾಡುವ, ರೋಗಿ ತಿಂಗಳುಗಟ್ಟಲೆ ಔಷಧ ಬಿಡದಂತೆ ನೋಡಿಕೊಳ್ಳುವ ಆರೋಗ್ಯ ಕಾರ್ಯಕರ್ತರು ಬೇಕು. ನೆರವು ನಿಂತಾಗ ಮೊದಲು ಕುತ್ತು ಬರುವುದು ಇಂಥವರ ಸಂಬಳಕ್ಕೆ. ಬೈಲಕುಪ್ಪೆಯ ತ್ಸೋಜೆ ಖಾಂಗ್ಸರ್ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳ ಕನ್ನಡಿಗರೂ ಬರುತ್ತಾರೆಂಬುದನ್ನು ಮರೆಯಬಾರದು. ಅಲ್ಲಿಯ ಕೊರತೆ ಕೇವಲ ನಿರಾಶ್ರಿತರ ಕೊರತೆಯಲ್ಲ.

ಶಾಲೆಗಳ ಸಮಸ್ಯೆ ಬೇರೆ ಬಗೆಯದು. ಕೇಂದ್ರ ಸರ್ಕಾರವು 1961ರಿಂದ ನಡೆಸುತ್ತಿದ್ದ ಟಿಬೆಟನ್ ಶಾಲೆಗಳನ್ನು 2013ರ ನಂತರ ಹಂತಹಂತವಾಗಿ ಟಿಬೆಟನ್ನರ ಸಂಭೋಟ ಸಂಸ್ಥೆಗೆ ವಹಿಸಲಾಯಿತು. ಟಿಬೆಟನ್ ಮಕ್ಕಳ ಗ್ರಾಮಗಳಲ್ಲಿ ಒಂದು ಮಗುವಿನ ವೆಚ್ಚವನ್ನು ಒಬ್ಬ ದಾನಿ ಹೊರುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಆದರೆ 2008ರ ನಂತರ ಟಿಬೆಟ್‌ನಿಂದ ಬರುವವರ ಸಂಖ್ಯೆ ಕುಸಿಯಿತು, ಜನನ ಪ್ರಮಾಣ ತಗ್ಗಿತು, ಯುವಕರು ಪಶ್ಚಿಮ ದೇಶಗಳತ್ತ ಹೊರಟರು. 2009ರ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟನ್ನರು ಸುಮಾರು 94 ಸಾವಿರ; ಬಳಿಕ ಈ ಸಂಖ್ಯೆ ಗಣನೀಯವಾಗಿ ಇಳಿದಿದೆ. ಮಕ್ಕಳು ಕಡಿಮೆಯಾದರೆಂದು ಶಿಕ್ಷಕರ ಸಂಬಳವಾಗಲಿ ಕಟ್ಟಡದ ಖರ್ಚಾಗಲಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬದುಕು ಸವೆಸಿದ ನನಗೆ ಇನ್ನೊಂದು ಅಂಶವೂ ಕಾಣುತ್ತದೆ. ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿಯಂತೆ ಅಂತಹ ಹಣ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ಲೆಕ್ಕ ಚೊಕ್ಕವಾಗಿರಬೇಕೆಂಬ ಉದ್ದೇಶ ಸರಿಯೇ. ಆದರೆ ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ಹಳ್ಳಿಯ ಸಣ್ಣ ಚಿಕಿತ್ಸಾಲಯಗಳಿಗೆ ದಾರಿ ಕಿರಿದಾಯಿತು. ಜೊತೆಗೆ, ಈ ವಸಾಹತುಗಳಲ್ಲಿ ತಂಗಿ ತಮ್ಮ ದಾನದ ಫಲವನ್ನು ನೋಡಬಯಸುವ ವಿದೇಶಿಯರು ಗೃಹ ಸಚಿವಾಲಯದ ವಿಶೇಷ ಅನುಮತಿ ಪಡೆಯಬೇಕು. ನಮಗೆ ಆ ಅಡ್ಡಿಯಿಲ್ಲ. ಆದರೂ ನಾವು ಹೋಗುವುದಿಲ್ಲ.

ದಾನವು ದಾನವಾಗಿಯೇ ಉಳಿಯಬೇಕಿಲ್ಲವೆಂಬುದಕ್ಕೆ ಉತ್ತಮ ನಿದರ್ಶನ ನಮ್ಮ ನಾಡಿನಲ್ಲೇ ಇದೆ. ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ‘ಮೈರಾಡ’. ಆ ಕಾರ್ಯ ಮುಗಿದ ಮೇಲೆ ಅದು ಕನ್ನಡ ನಾಡಿನ ಬಡ ಹಳ್ಳಿಗಳತ್ತ ತಿರುಗಿತು. 1980ರ ದಶಕದ ನಡುವೆ ಅದರ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯುಳ್ಳ ಸಣ್ಣ ಗುಂಪುಗಳು ತಾವಾಗಿ ಸಾಲ ತೀರಿಸಲು ಮುಂದಾದವು. ಆ ಅನುಭವಕ್ಕೆ 1987ರಲ್ಲಿ ನಬಾರ್ಡ್ ನೆರವಿತ್ತಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ರಾಷ್ಟ್ರೀಯ ಪ್ರಯೋಗ ಆರಂಭವಾಯಿತು. ಇಂದು ದೇಶದ ಶಾಖೆಶಾಖೆಗಳಲ್ಲಿ ಮಹಿಳೆಯರು ಹಿಡಿದು ಬರುವ ಗುಂಪಿನ ಪಾಸ್‌ಬುಕ್ಕಿನ ವಂಶಾವಳಿಯಲ್ಲಿ ಟಿಬೆಟನ್ ನಿರಾಶ್ರಿತರ ಹೆಸರೂ ಇದೆ. ಅವರಿಗೆ ಕೊಟ್ಟ ಭೂಮಿಗೆ ನಾಡು ಪಡೆದ ಪ್ರತಿಫಲ ಸಣ್ಣದಲ್ಲ.

ಕೋಲ್ಕತ್ತದ ನಮಗೂ ಟಿಬೆಟನ್ನರು ಅಪರಿಚಿತರಲ್ಲ. ಚಳಿಗಾಲದಲ್ಲಿ ವೆಲಿಂಗ್ಟನ್ ಚೌಕದ ಸ್ವೆಟರ್ ಅಂಗಡಿಗಳಲ್ಲಿ ಕಸ್ಬಾದಿಂದ ಹೋಗಿ ಚೌಕಾಸಿ ಮಾಡದ ಮನೆಯುಂಟೆ? ಮಂಜೂರಾದ ನೆರವಿಗಾಗಿ ಕಾದು ಕೂರದೆ ದುಡಿದು ಉಣ್ಣುವ ಜನರವರು. ಅವರ ಮಕ್ಕಳ ಶಾಲೆ ಮತ್ತು ರೋಗಿಗಳ ಶುಶ್ರೂಷೆ ಮಾತ್ರ ಆ ದುಡಿಮೆಯ ಅಳವಿಗೆ ಮೀರಿದ್ದು.

ಆದ್ದರಿಂದ ಕನ್ನಡ ಸಂಘಗಳು ಮಾಡಬಹುದಾದದ್ದು ಇಷ್ಟು. ಭಾರತೀಯ ಪ್ರಜೆ ತನ್ನ ಗಳಿಕೆಯಿಂದ ಕೊಡುವ ರೂಪಾಯಿಗೆ ವಿದೇಶಿ ದೇಣಿಗೆಯ ಕಟ್ಟುಪಾಡಿಲ್ಲ. ಪೌರತ್ವ ಬದಲಿಸದೆ ಹೊರದೇಶದಲ್ಲಿರುವ ಕನ್ನಡಿಗನಿಗೂ ಇದು ಅನ್ವಯ. ಸಂಘವೊಂದು ಕಟ್ಟಡಕ್ಕೆ ಫಲಕ ಹಾಕಿಸುವ ಬದಲು ಒಬ್ಬ ದಾದಿಯ ಅಥವಾ ಒಬ್ಬ ಕನ್ನಡ ಶಿಕ್ಷಕರ ಸಂಬಳವನ್ನು ಐದು ವರ್ಷ ವಹಿಸಿಕೊಳ್ಳಲಿ. ಮುಂದಿನ ಸಲ ಊರಿಗೆ ಹೋದಾಗ ಸ್ವರ್ಣಮಂದಿರದಲ್ಲಿ ಕೈಮುಗಿದ ಮೇಲೆ ಆಸ್ಪತ್ರೆಗೂ ಹೋಗಿ, ಔಷಧಕ್ಕೆ ಹಣ ಎಲ್ಲಿಂದ ಬರುತ್ತಿದೆಯೆಂದು ಕೇಳಿ ತಿಳಿಯೋಣ. ನೆಲ ಕೊಟ್ಟ ನಾಡಿಗೆ ನೆರೆಹೊರೆಯ ಕರ್ತವ್ಯವೂ ಇರುತ್ತದೆ.