ತಕ್ಕಡಿ ಹಿಡಿದವರು ಅಂಗಡಿ ಸೇರಿದ ಮೇಲೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಖಾಸಗಿ ವಾಹನಗಳನ್ನು ತಡೆದು ಸರ್ಕಾರಿ ಬಸ್ಸಿನಲ್ಲಿ ಮೇಲೆ ಕರೆದೊಯ್ಯುವ ಏರ್ಪಾಡು ನಮ್ಮ ಓದುಗರೆಲ್ಲರಿಗೂ ತಿಳಿದದ್ದೇ. ಈಚೆಗೊಂದು ಶನಿವಾರ ಆ ಸಾಲಿನಲ್ಲಿ ನಮ್ಮ ಪಕ್ಕ ನಿಂತಿದ್ದವನು ಚಾಮರಾಜನಗರದ ಒಂದು ರೇಷ್ಮೆ ನೂಲಿನ ಕಾರ್ಖಾನೆಯ ಕೆಲಸಗಾರ. ಕಂತಿನ ಮೇಲೆ ಕೊಂಡ ಹೊಸ ಮೊಬೈಲು ಅವನ ಕೈಯಲ್ಲಿತ್ತು. ಬಸ್ಸು ಬರುವ ಮೊದಲೇ ಅದು ಕಾದ ಹೆಂಚಿನಂತಾಗಿ ತಾನೇ ಆರಿಹೋಯಿತು. "ಯೂಟ್ಯೂಬಲ್ಲಿ ನೋಡ್ಕಂಡೇ ತಗಂಡಿದ್ದು ಕಣಣ್ಣ. ಭಾಳ ಚೆನ್ನಾಗದ ಅಂತ ಹೇಳುದ್ರು. ಹೇಳೋರ್ಗೆ ಕಂಪನಿಯೋರೇ ದುಡ್ಡು ಕೊಟ್ಟಿರ್ತಾರ ಅಂತ ನಮ್ಗೇನು ಗೊತ್ತು?" ಎಂದ. ಇನ್ನೂ ಏಳು ಕಂತು ಬಾಕಿ ಇದೆಯಂತೆ.

ತೆರಕಣಾಂಬಿಯ ತರಕಾರಿ ಮಂಡಿಯಲ್ಲಿ ತೂಕದ ಬಗ್ಗೆ ಅನುಮಾನ ಬಂದರೆ ರೈತನು ಕೇಳಬಹುದಾದ ಒಂದು ಮಾತುಂಟು: ತಕ್ಕಡಿಗೆ ಮುದ್ರೆ ಬಿದ್ದಿದೆಯೇ? ಆ ಮುದ್ರೆ ಒತ್ತುವವನು ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ. ಮೊಬೈಲಿಗೂ ಬಿ.ಐ.ಎಸ್. ನೋಂದಣಿ ಸಂಖ್ಯೆ ಇದೆ, ನಿಜ. ಅದು ಬೆಂಕಿ ಹತ್ತದಂತೆ, ವಿದ್ಯುತ್ತು ಹೊಡೆಯದಂತೆ ನೋಡಿಕೊಳ್ಳುವ ಸುರಕ್ಷತೆಯ ಮಾತು. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ, ಬ್ಯಾಟರಿ, ಕ್ಯಾಮರಾಗಳ ಹೆಗ್ಗಳಿಕೆ ಸತ್ಯವೇ ಎಂದು ಅದು ಹೇಳುವುದಿಲ್ಲ. ಆ ಕೆಲಸವನ್ನು ಜಗತ್ತಿನಲ್ಲಿ ಮಾಡುತ್ತ ಬಂದವರು ಪತ್ರಿಕಾವೃತ್ತಿಯ ಪರೀಕ್ಷಕರು. ಅವರಲ್ಲಿ ಹೆಸರಾದವರು ಒಬ್ಬೊಬ್ಬರಾಗಿ ಕಂಪನಿಗಳ ಬಾಗಿಲು ದಾಟಿದ ಕಥೆಯನ್ನು ಇಂದು ನಮ್ಮ ಓದುಗರ ಮುಂದಿಡಬೇಕೆನಿಸಿದೆ.

ಆನಂದ್ ಲಾಲ್ ಶಿಂಪಿ ಎಂಬ ಹೆಸರು ನಮ್ಮ ಕಡೆಯದೆಂಬಂತೆ ಕೇಳಿಸುತ್ತದೆ. ಆದರೆ ಅವರು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿ ನಗರದವರು. 1997ರಲ್ಲಿ, 14ನೆಯ ವಯಸ್ಸಿನಲ್ಲಿ, ಕಂಪ್ಯೂಟರಿನ ಬಿಡಿಭಾಗಗಳನ್ನು ತಾವೇ ಪರೀಕ್ಷಿಸಿ ಬರೆಯುವ 'ಆನಂದ್‌ಟೆಕ್' ಎಂಬ ಅಂತರ್ಜಾಲ ಪತ್ರಿಕೆಯನ್ನು ಆರಂಭಿಸಿದರು. ಮೀಸೆ ಮೂಡದ ಹುಡುಗನ ಬರಹಕ್ಕೆ ಕೆಲವೇ ವರ್ಷಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳು ಕಿವಿಗೊಡುವಂತಾಯಿತು. ಕಾರಣ, ಅವರು ಹೊಗಳಿಕೆಯನ್ನಾಗಲಿ ತೆಗಳಿಕೆಯನ್ನಾಗಲಿ ಬರೆಯುವ ಮೊದಲು ಅಳೆಯುತ್ತಿದ್ದರು.

ಒಂದು ಉದಾಹರಣೆ ಸಾಕು. ಚಕ್ರ ತಿರುಗದೆ ಕೆಲಸ ಮಾಡುವ ಹೊಸ ಬಗೆಯ ಡಿಸ್ಕುಗಳು, ಎಸ್.ಎಸ್.ಡಿ. ಎನ್ನುವರಲ್ಲ, ಆಗತಾನೇ ಮಾರುಕಟ್ಟೆಗೆ ಬರುತ್ತಿದ್ದ ಕಾಲ. ಒಂದು ದೊಡ್ಡ ಕಡತವನ್ನು ಉದ್ದಕ್ಕೆ ಬರೆಯುವ ವೇಗವನ್ನು ಕಂಪನಿಗಳು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಿದ್ದವು. ದಿನನಿತ್ಯದ ಬಳಕೆಯಲ್ಲಿ ಯಂತ್ರವು ಬರೆಯುವುದು ಅಲ್ಲೊಂದು ಇಲ್ಲೊಂದು ಸಣ್ಣ ಚೂರುಗಳನ್ನು. ಅಗ್ಗದ ಡಿಸ್ಕುಗಳು ಅಲ್ಲಿ ತಡವರಿಸಿ ನಿಂತುಬಿಡುತ್ತಿದ್ದವು. ಓ.ಸಿ.ಝಡ್. ಎಂಬ ಕಂಪನಿ 2009ರಲ್ಲಿ 'ವರ್ಟೆಕ್ಸ್' ಎಂಬ ಡಿಸ್ಕನ್ನು ಪರೀಕ್ಷೆಗೆ ಕಳುಹಿಸಿದಾಗ ಶಿಂಪಿ ಈ ದೋಷವನ್ನು ಹಿಡಿದು ನೇರವಾಗಿ ಹೇಳಿದರು. ಕಂಪನಿಗೆ ಅದು ರುಚಿಸಲಿಲ್ಲ. ಕೊನೆಗೆ ಅದರ ಒಳತಂತ್ರಾಂಶವನ್ನು ಬದಲಾಯಿಸಿ, ಹೆಗ್ಗಳಿಕೆಯ ಅಂಕಿ ಕೊಂಚ ಇಳಿದರೂ ಸರಿಯೆಂದು, ಬಳಸುವವನ ಕೆಲಸ ಸಲೀಸಾಗುವಂತೆ ಮಾಡಿತು. ಆ ಡಿಸ್ಕನ್ನು ಕೊಂಡವರಲ್ಲಿ ಅನೇಕರು ಶಿಂಪಿಯವರ ಹೆಸರನ್ನೂ ಕೇಳಿರಲಾರರು. ಲಾಭವಂತೂ ಎಲ್ಲರಿಗೂ ಸಂದಿತು.

ಫ್ಯಾಕ್ಟರಿ ಇನ್ಸ್‌ಪೆಕ್ಟರು ಬರುವ ದಿನ ಮಾತ್ರ ಫ್ಯಾನುಗಳು ತಿರುಗುವುದು, ನಲ್ಲಿಯ ಬಳಿ ಹೊಸ ಸೋಪು ಕಾಣಿಸಿಕೊಳ್ಳುವುದು ಗಿರಣಿಯಲ್ಲಿ ದುಡಿದವರಿಗೆ ಹೊಸತಲ್ಲ. ಮೊಬೈಲಿನೊಳಗೂ ಈ ಚಮತ್ಕಾರ ನಡೆದಿತ್ತು. 2013ರ ಜುಲೈನಲ್ಲಿ ಶಿಂಪಿ ಮತ್ತು ಅವರ ಸಹೋದ್ಯೋಗಿ ಬ್ರಯಾನ್ ಕ್ಲಗ್ ಅವರು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4 ಫೋನಿನ ಒಂದು ಮಾದರಿಯನ್ನು ಬಿಚ್ಚಿ ನೋಡಿದಂತೆ ಪರೀಕ್ಷಿಸಿದರು. ವೇಗ ಅಳೆಯುವ ಕೆಲವು ಪರೀಕ್ಷಾ ತಂತ್ರಾಂಶಗಳನ್ನು ತೆರೆದಾಗ ಮಾತ್ರ ಅದರ ಚಿತ್ರ ಸಂಸ್ಕಾರಕ 533 ಮೆಗಾಹರ್ಟ್ಸ್ ವೇಗಕ್ಕೇರುತ್ತಿತ್ತು. ಮಿಕ್ಕ ವೇಳೆಯಲ್ಲಿ 480ರ ಮೇಲೆ ಹೋಗುತ್ತಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ, ಇಂಥ ಆಟವಾಡುವುದು ಒಂದೇ ಕಂಪನಿಯಲ್ಲವೆಂದು ಹಲವು ಫೋನುಗಳ ಪಟ್ಟಿಯನ್ನೇ ಪ್ರಕಟಿಸಿದರು.

ಇಂಥವರು 2014ರ ಆಗಸ್ಟ್ ಕೊನೆಗೆ ಓದುಗರಿಗೆ ವಿದಾಯ ಬರೆದರು. 17 ವರ್ಷಗಳ ನಂತರ ಪತ್ರಿಕಾವೃತ್ತಿಯನ್ನೇ ಬಿಡುತ್ತಿರುವುದಾಗಿ ತಿಳಿಸಿದರು. ಅವರು ತನ್ನಲ್ಲಿ ಸೇರುತ್ತಿರುವುದನ್ನು ಕೂಡಲೇ ಆಪಲ್ ಕಂಪನಿ ದೃಢಪಡಿಸಿತು. ಬ್ರಯಾನ್ ಕ್ಲಗ್ ಅವರೂ ಅದೇ ವರ್ಷ ಅಲ್ಲಿಗೇ ಹೋದರು. ಅದೇ ವರ್ಷದ ಮಾರ್ಚಿನಲ್ಲಿ ಶಿಂಪಿ ಆಪಲ್‌ನ 'ಸೈಕ್ಲೋನ್' ಸಂಸ್ಕಾರಕದ ಒಳರಚನೆಯನ್ನು ಜಗತ್ತಿಗೆ ವಿವರಿಸಿದ್ದರು. ಅವರು ಯಾರ ಪರವಾಗಿಯೂ ತೂಕ ಬಗ್ಗಿಸಿದರೆಂದು ನಾವು ಹೇಳುತ್ತಿಲ್ಲ. ಹೇಳಲು ಆಧಾರವೂ ಇಲ್ಲ. ಆದರೆ ಮಾರ್ಚಿನ ಲೇಖನಕ್ಕೂ ಆಗಸ್ಟಿನ ನೌಕರಿಗೂ ನಡುವೆ ಮಾತುಕತೆ ಎಂದು ಮೊದಲಾಯಿತೆಂದು ಓದುಗ ಕೇಳಿದರೆ ಅದು ತರಲೆಯ ಪ್ರಶ್ನೆಯಲ್ಲ.

ಅವರೊಬ್ಬರದೇ ಮಾತಲ್ಲ. 'ಟೆಕ್ ರಿಪೋರ್ಟ್' ನಡೆಸುತ್ತಿದ್ದ ಸ್ಕಾಟ್ ವಾಸನ್ 2015ರ ಕೊನೆಯಲ್ಲಿ ಎ.ಎಂ.ಡಿ. ಸೇರುವುದಾಗಿ ಪ್ರಕಟಿಸಿದರು. 'ಪಿ.ಸಿ. ಪರ್ಸ್ಪೆಕ್ಟಿವ್'ನ ರಯಾನ್ ಶ್ರೌಟ್ 2018ರಲ್ಲಿ ಇಂಟೆಲ್ ಸೇರಿದರು. ಎಲ್ಲಕ್ಕಿಂತ ವಿಚಿತ್ರ ಕೈಲ್ ಬೆನೆಟ್ ಅವರದು. 2000ನೇ ಇಸವಿಯಲ್ಲಿ ಇಂಟೆಲ್‌ನ 1.13 ಗಿಗಾಹರ್ಟ್ಸ್ ಪೆಂಟಿಯಂ 3 ಸಂಸ್ಕಾರಕ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಟಾಮ್ ಪಾಬ್ಸ್ಟ್ ಎಂಬ ಪರೀಕ್ಷಕರು ಸಾರಿದಾಗ, ತಾವೂ ಪರೀಕ್ಷಿಸಿ ಹೌದೆಂದವರಲ್ಲಿ ಬೆನೆಟ್ ಒಬ್ಬರು. ಆ ಆಗಸ್ಟಿನಲ್ಲೇ ಇಂಟೆಲ್ ಸರಕನ್ನು ಹಿಂದಕ್ಕೆ ಪಡೆಯಬೇಕಾಯಿತು. ಬೆರಳೆಣಿಕೆಯ ಬರಹಗಾರರು ಅಷ್ಟು ದೊಡ್ಡ ಕಂಪನಿಯ ಕೈ ಹಿಡಿದು ನಿಲ್ಲಿಸಿದ್ದರು. 2019ರಲ್ಲಿ ಬೆನೆಟ್ ಅದೇ ಇಂಟೆಲ್ ಸೇರಿದರು. ಅವರ 'ಹಾರ್ಡ್ ಓ.ಸಿ.ಪಿ.' ಪತ್ರಿಕೆ ನಿಂತಿತು.

ಬೇಲಿಯೇ ಎದ್ದು ಹೊಲ ಮೇಯಿತೆಂದು ಇವರನ್ನು ಹಳಿಯುವುದು ಸುಲಭ. ನಾವು ಹಳಿಯುವುದಿಲ್ಲ. ಹೆಚ್ಚು ಕೂಲಿ ಸಿಗುವ ಗಿರಣಿಗೆ ಹೋದ ನೇಕಾರನನ್ನು ದ್ರೋಹಿಯೆಂದು ಕರೆಯುವ ಪದ್ಧತಿ ನಮ್ಮದಲ್ಲ. ದೋಷವನ್ನು ಹೊರಗೆ ನಿಂತು ತೋರಿಸುವುದಕ್ಕಿಂತ ಒಳಗೆ ಕುಳಿತು ಒಳ್ಳೆಯ ಯಂತ್ರ ಕಟ್ಟುವುದು ಕುಶಲಿಗನಿಗೆ ಪ್ರಿಯವಾದೀತು. ಅದು ಸಹಜ. ಆದರೆ ಕಾರ್ಮಿಕ ಸಂಘದ ಕಾರ್ಯದರ್ಶಿಯೊಬ್ಬ ಅದೇ ಗಿರಣಿಯ ಲೇಬರ್ ಆಫೀಸರನಾದರೆ ಏನಾಗುತ್ತದೆಂಬುದನ್ನೂ ನಮ್ಮ ಓದುಗರು ಬಲ್ಲರು. ಆತ ಕೆಟ್ಟವನಾಗಬೇಕಾಗಿಲ್ಲ. ಸಂಘದ ಕಡತಗಳಲ್ಲಿ ಏನಿದೆ, ಯಾವ ಮಾತಿಗೆ ಕೆಲಸಗಾರರು ಸೋಲುತ್ತಾರೆ ಎಂಬ ತಿಳಿವಳಿಕೆ ಆತನೊಂದಿಗೆ ಮಾಲೀಕನ ಕೋಣೆ ಸೇರುತ್ತದೆ. ಪರೀಕ್ಷೆಯನ್ನು ಹೇಗೆ ನಡೆಸುತ್ತಾರೆಂಬ ಗುಟ್ಟೂ ಹಾಗೆಯೇ. ಇಲ್ಲಿಯವರೆಗೆ ಊರಿನವರೆಲ್ಲ ಓದಬಹುದಾಗಿದ್ದದ್ದು ಕಂಪನಿಯ ಗೋಡೆಯೊಳಗಿನ ಸ್ವತ್ತಾಗುತ್ತದೆ.

ಅವರನ್ನು ಹಿಡಿದಿಡುವ ಬಲ ಓದುಗರಿಗೆ ಏಕಿರಲಿಲ್ಲ? ಓದುಗ ಕಾಸು ಕೊಡುತ್ತಿರಲಿಲ್ಲ. ಪತ್ರಿಕೆಯ ಅನ್ನ ಬರುತ್ತಿದ್ದದ್ದು ಜಾಹೀರಾತಿನಿಂದ. ಅದನ್ನು ಕೊಡುವವರಲ್ಲಿ ಪರೀಕ್ಷೆಗೆ ಸರಕು ಕಳುಹಿಸುವ ಕಂಪನಿಗಳೂ ಇದ್ದವು. ಇಂಥ ಅನ್ನ ಉಂಡೂ ಎರಡು ದಶಕ ನಿಷ್ಠುರವಾಗಿ ಬರೆದದ್ದೇ ಆಶ್ಚರ್ಯ. ಶಿಂಪಿ ಹೋದ ನಾಲ್ಕು ತಿಂಗಳೊಳಗೆ, 2014ರ ಡಿಸೆಂಬರಿನಲ್ಲಿ, ಆನಂದ್‌ಟೆಕ್ ಪರ್ಚ್ ಎಂಬ ಸಂಸ್ಥೆಯ ಪಾಲಾಯಿತು. 2018ರಲ್ಲಿ ಫ್ಯೂಚರ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿತು. 2024ರ ಆಗಸ್ಟ್ 30ರಂದು ಮುಚ್ಚಿತು. ನಾಲ್ಕು ದಿನ ಕೂತು ಅಳೆದು ಬರೆಯುವವನಿಗಿಂತ, ಪೆಟ್ಟಿಗೆ ಬಿಚ್ಚಿ ನಾಲ್ಕು ನಿಮಿಷ ಹೊಗಳುವವನು ಅಗ್ಗ.

ಬೇರೆ ದಾರಿ ಇಲ್ಲವೆಂದು ಯಾರೂ ಹೇಳದಿರಲಿ. ಅಮೆರಿಕದ ನ್ಯೂಜರ್ಸಿಯಲ್ಲಿ ಬಳಕೆಯ ಸರಕುಗಳನ್ನು ಪರೀಕ್ಷಿಸುವ ಒಂದು ಸಂಸ್ಥೆಯಿತ್ತು. 1935ರಲ್ಲಿ ಅದರ ನೌಕರರು ಸಂಘ ಕಟ್ಟಲು ಹೊರಟಾಗ ಆಡಳಿತ ಅಡ್ಡಬಂದಿತು, ಮುಷ್ಕರವಾಯಿತು. ಮುಷ್ಕರ ಹೂಡಿದವರೇ 1936ರಲ್ಲಿ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಸಂಸ್ಥೆ ಕಟ್ಟಿದರು. ಕಂಪನಿಗಳ ಜಾಹೀರಾತು ಬೇಡ, ಪರೀಕ್ಷಿಸುವ ಸರಕನ್ನು ಅಂಗಡಿಯಲ್ಲಿ ಕಾಸು ಕೊಟ್ಟೇ ಕೊಳ್ಳುವುದು ಎಂಬುದು ಅವರ ಕಟ್ಟಳೆ. ಅದು ಪ್ರಕಟಿಸುವ 'ಕನ್ಸ್ಯೂಮರ್ ರಿಪೋರ್ಟ್ಸ್' ಇಂದಿಗೂ ಬದುಕಿದೆ. ಇಂಗ್ಲೆಂಡಿನಲ್ಲಿ 1945ರ ಲೇಬರ್ ಪಕ್ಷದ ಪ್ರಣಾಳಿಕೆಯನ್ನು ಬರೆದ ಮೈಕೇಲ್ ಯಂಗ್ ಅವರ ಮುಂದಾಳುತನದಲ್ಲಿ 1957ರಲ್ಲಿ 'ವಿಚ್?' ಪತ್ರಿಕೆ ಹೊರಟಿತು. ಅದರ ಮೊದಲ ಕಚೇರಿ ಲಂಡನ್ನಿನ ಬಡ ಕೇರಿಯ ಒಂದು ಗ್ಯಾರೇಜು. ಪಶ್ಚಿಮ ಜರ್ಮನಿಯಲ್ಲಿ 1964ರಲ್ಲಿ ಸರ್ಕಾರವೇ ಇಂಥ ಪರೀಕ್ಷಾ ಪ್ರತಿಷ್ಠಾನವನ್ನು ಸ್ಥಾಪಿಸಿತು.

ನಮ್ಮ ದೇಶದಲ್ಲಿ 2022ರ ಜೂನಿನ ನಿಯಮಾವಳಿ ಪ್ರಕಾರ ಕಾಸು ಪಡೆದು ಸರಕನ್ನು ಹೊಗಳುವವನು ಆ ಸಂಬಂಧವನ್ನು ಬಹಿರಂಗಪಡಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಒಳ್ಳೆಯದೇ. ಆದರೆ ಸುಳ್ಳು ಹೇಳಿದವನಿಗೆ ದಂಡ ಹಾಕುವುದು ಬೇರೆ, ನಿಜ ಹೇಳುವವನಿಗೆ ಕೂಳು ಹಾಕುವುದು ಬೇರೆ. ಕೇಂದ್ರ ಸರ್ಕಾರದ ಉನ್ನತ ಅಧಿಕಾರಿ ನಿವೃತ್ತನಾದ 1 ವರ್ಷದೊಳಗೆ ಖಾಸಗಿ ಕಂಪನಿ ಸೇರಬೇಕಾದರೆ ಅನುಮತಿ ಪಡೆಯಬೇಕು. ಸರಕು ಪರೀಕ್ಷಿಸಿ ಬರೆಯುವವರೂ ತಮ್ಮ ಮೇಲೆ ಅಂಥದೊಂದು ಕಟ್ಟು ಹಾಕಿಕೊಳ್ಳಲಿ. ಕನಿಷ್ಠಪಕ್ಷ ನೌಕರಿಯ ಮಾತು ಎದ್ದ ದಿನದಿಂದ ಆ ಕಂಪನಿಯ ಸರಕಿನ ಬಗ್ಗೆ ಬರೆಯದಿರಲಿ.

ಗುಂಡ್ಲುಪೇಟೆ, ಚಾಮರಾಜನಗರಗಳ ಸಣ್ಣ ಮೊಬೈಲ್ ಅಂಗಡಿಯವರಿಗೂ ಒಂದು ಮಾತು. ಇಂತಿಷ್ಟು ಮಾರಿದರೆ ಇಂತಿಷ್ಟು ಬಹುಮಾನವೆಂಬ ಕಂಪನಿಯ ಆಸೆ ನಿಮ್ಮ ಮುಂದಿರುತ್ತದೆ, ನಾವು ಬಲ್ಲೆವು. ಆದರೆ ಕೆಟ್ಟ ಫೋನು ಹಿಡಿದು ಜಗಳಕ್ಕೆ ಬರುವ ಗಿರಾಕಿ ಕಂಪನಿಯ ಬಾಗಿಲಿಗೆ ಹೋಗುವುದಿಲ್ಲ, ನಿಮ್ಮ ಗಲ್ಲಾದ ಮುಂದೆ ನಿಲ್ಲುತ್ತಾನೆ. ಯಾವ ಮಾದರಿ ಆರು ತಿಂಗಳಲ್ಲಿ ರಿಪೇರಿಗೆ ಬಂತು, ಯಾವುದು ಮೂರು ವರ್ಷ ಬಾಳಿತು ಎಂಬುದು ನಿಮ್ಮಷ್ಟು ಯಾರಿಗೂ ತಿಳಿಯದು.

ಆದುದರಿಂದ ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯಲ್ಲಿ ಅರ್ಧ ಕಾಲಮು ಜಾಗ ಬಿಡುತ್ತೇವೆ. ಫೋನು ಕೊಂಡ ತಿಂಗಳು, ಕೊಟ್ಟ ಬೆಲೆ, ಕಂತಿನ ಬಡ್ಡಿ ಸೇರಿ ಆದ ಮೊತ್ತ, ಎಷ್ಟು ಸಲ ರಿಪೇರಿಗೆ ಹೋಯಿತು, ಅರಿಸಿನ ಗಿರಣಿಯ ದೂಳಿನಲ್ಲಿ ಹೇಗೆ ನಡೆಯಿತು, ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಹಿಡಿಯಿತೇ, ಬ್ಯಾಟರಿ ಪಾಳಿ ಮುಗಿಯುವ ತನಕ ನಿಂತಿತೇ ಎಂದು ಓದುಗರು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಲಿ. ಬಿಲ್ಲಿನ ಪ್ರತಿ ಇರಲಿ. ಅಂಗಡಿಯವರ ಉತ್ತರವಿದ್ದರೆ ಅದನ್ನೂ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ. ಬೆಟ್ಟದ ಬುಡದಲ್ಲಿ ಸಿಕ್ಕ ಗೆಳೆಯ ಮೊದಲ ಕಾರ್ಡು ಬರೆಯಲು ಒಪ್ಪಿದ್ದಾನೆ.